ತಗಚೆ ಬೀಜ ಮತ್ತು ಮಿರಗ ಮಳೆ: ಒಂದು ಎಂ.ಎಸ್ಸಿ. ಪ್ರಾಜೆಕ್ಟಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಕಲಬುರಗಿಯ ಒಂದು ಸ್ನಾತಕೋತ್ತರ ವಿಭಾಗದಲ್ಲಿ ನಡೆದ ಪ್ರಾಜೆಕ್ಟ್ ಇದು. ಹೆಸರು, ವರ್ಷ, ವಿಭಾಗ ಬೇಕೆಂದೇ ಬಿಟ್ಟಿದ್ದೇನೆ. ಗುರುತು ಹತ್ತದಿರಲೆಂದು ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ವಿದ್ಯಾರ್ಥಿನಿ ಸಂಖ್ಯಾಶಾಸ್ತ್ರದವಳು, ಸೇಡಂ ಕಡೆಯ ತೊಗರಿ ಬೆಳೆಯುವ ಮನೆಯ ಹುಡುಗಿ. ಮಾರ್ಗದರ್ಶನಕ್ಕೆ ಇಬ್ಬರಿದ್ದರು, ಲೆಕ್ಕಕ್ಕೆ ಒಬ್ಬರು ಸರ್, ಗಿಡಕ್ಕೆ ಸಸ್ಯಶಾಸ್ತ್ರದ ಮೇಡಂ. ನಾನು ನಡುವೆ ಸಿಮ್ಯುಲೇಷನ್ ನೋಡಿಕೊಡಲು ಸೇರಿಕೊಂಡವನು.

ಅವಳು ತಂದ ಪ್ರಶ್ನೆ ಹೊಲದ ಬದುವಿನದು. ಮಿರಗ (ಜೂನಿನ ಮೃಗಶಿರಾ ಮಳೆ) ಕೂಡಿ ಮೊದಲ ಹದ ಮಳೆ ಬಿದ್ದ ವಾರದೊಳಗೆ ಬದುವಿನ ಮೇಲೆ ತಗಚೆ ಸಸಿ ಹಸಿರು ಚಾಪೆ ಹಾಸುತ್ತದೆ. ಕುಂಟೆ ಹೊಡೆದು ಎಲ್ಲ ಕಿತ್ತರೂ ಮುಂದಿನ ಮಳೆಗೆ ಮತ್ತೆ ಒಂದಿಷ್ಟು. ಆ ವರ್ಷ ಒಂದೇ ಒಂದು ಗಿಡವನ್ನೂ ಕಾಯಿ ಕಟ್ಟಲು ಬಿಡದಿದ್ದರೂ ಮರುವರ್ಷ ಹಾಜರು. ಅಂದರೆ ಎಲ್ಲ ಬೀಜವೂ ಒಂದೇ ಸಲ ಮೊಳೆಯುವುದಿಲ್ಲ, ಒಂದು ಪಾಲು ಮಣ್ಣಿನಲ್ಲೇ ಕೂತಿರುತ್ತದೆ. ಮೊದಲು ಮೊಳೆತದ್ದಕ್ಕೆ ಬಿಸಿಲು, ಜಾಗ ಎರಡೂ ಹೆಚ್ಚು ಸಿಗುತ್ತವೆ. ಹಾಗಿದ್ದಮೇಲೆ ಕೂತಿರುವ ಗುಣ ವಿಕಾಸದಲ್ಲಿ ಉಳಿದುಕೊಂಡದ್ದಾದರೂ ಹೇಗೆ?

ಪ್ರಶ್ನೆ ಹಳೆಯದೇ. ಮರುಭೂಮಿಯ ಒಂದೇ ವರ್ಷ ಬಾಳುವ ಗಿಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಡ್ಯಾನ್ ಕೋಹೆನ್ 1966ರಲ್ಲಿ ಇದಕ್ಕೊಂದು ಗಣಿತದ ಉತ್ತರ ಕೊಟ್ಟಿದ್ದರು. ಮಳೆ ಬರುವುದು ಯಾದೃಚ್ಛಿಕವಾಗಿರುವಲ್ಲಿ ಎಲ್ಲ ಬೀಜವನ್ನೂ ಒಂದೇ ವರ್ಷಕ್ಕೆ ಒಡ್ಡುವ ತಳಿ ಬಹುಕಾಲ ಬಾಳದು ಎಂಬುದು ಅದರ ತಿರುಳು. ನಮ್ಮ ಭಾಗ ಮರುಭೂಮಿಯಲ್ಲ, ವರ್ಷಕ್ಕೆ ಹೆಚ್ಚುಕಡಿಮೆ 750 ಮಿ.ಮೀ. ಮಳೆ ಕಾಣುತ್ತದೆ. ಆದರೆ ಆ ಮಳೆಯನ್ನು ನಂಬಿ ಕೂತವರಿಗೆ ಅದರ ಚಂಚಲತೆ ಗೊತ್ತು. ಕೋಹೆನ್ ಲೆಕ್ಕ ಎರೆ ಹೊಲದ ಬದುವಿಗೂ ಕೂಡುತ್ತದೆಯೇ ಎಂದು ನೋಡುವುದು ಪ್ರಾಜೆಕ್ಟಿನ ಗುರಿ.

ಮೊದಲ ಸುತ್ತು: ಎಲ್ಲ ಬೀಜವೂ ಮೊಳೆಯಬೇಕು ಎಂದ ಮಾದರಿ

ಬೇಸಿಗೆಯಲ್ಲಿ ಒಣ ಕಾಯಿ ಬಿಡಿಸಿ ಬೀಜ ತಂದಳು. ತಗಚೆ ಬೀಜವನ್ನು ಹತ್ತಿರದಿಂದ ನೋಡದವರಿಗೆ ಹೇಳುವುದಾದರೆ, ಕಂದು ಬಣ್ಣ, ಎಣ್ಣೆ ಸವರಿದ ಹೊಳಪು, ಎರಡೂ ತುದಿ ಓರೆಯಾಗಿ ಕತ್ತರಿಸಿದ ಆಕಾರ. ಉಗುರಿನಿಂದ ಗೀರಿದರೆ ಗೀರು ಮೂಡದು. ಪೆಟ್ರಿ ತಟ್ಟೆಗಳಲ್ಲಿ ಒದ್ದೆ ಕಾಗದದ ಮೇಲೆ ಹರಡಿ, ದಿನವೂ ಮೊಳಕೆ ಎಣಿಸಿ, ಎರಡು ವಾರದ ಕೊನೆಗೆ ಮೊಳೆಯದೆ ಉಳಿದವನ್ನು ವಹಿಯಲ್ಲಿ ‘ಸತ್ತದ್ದು’ ಎಂಬ ಕಾಲಮಿಗೆ ಹಾಕಿದಳು.

ಮಾದರಿ ಸರಳವಾಗಿತ್ತು. ಬರುವ ವರ್ಷದ ಬೀಜ ಎಂದರೆ ಈ ವರ್ಷದ ಬೀಜ, ಮೊಳಕೆಯ ಪಾಲು, ಒಂದು ಗಿಡ ಕೊಡುವ ಬೀಜ ಈ ಮೂರರ ಗುಣಲಬ್ಧ. ಗಿಡ ಕೊಡುವ ಬೀಜಕ್ಕೆ ವರ್ಷದ ಮಳೆಯ ಸರಾಸರಿ ಹಿಡಿದು ಒಂದು ಅಂಕಿ. ಕಂಪ್ಯೂಟರ್ ಉತ್ತರ ಕೊಟ್ಟಿತು: ನೂರಕ್ಕೆ ನೂರು ಮೊಳೆತರೇ ಲಾಭ. ಅವಳು ತಂದ ಪ್ರಶ್ನೆಗೆ ನೇರ ಉಲ್ಟಾ.

ಇಂಥ ಕಡೆ ಹೆಚ್ಚಿನವರು ‘ಸಿದ್ಧಾಂತ ಇಲ್ಲಿಗೆ ಅನ್ವಯಿಸುವುದಿಲ್ಲ’ ಎಂದು ಬರೆದು ಪ್ರಾಜೆಕ್ಟ್ ಮುಗಿಸುತ್ತಾರೆ. ಹಾಗೆ ಆಗದ್ದಕ್ಕೆ ಕಾರಣ ಮೇಡಂ. ಅವರು ಗಣಿತದ ತಂಟೆಗೆ ಹೋಗಲಿಲ್ಲ. ಬಡಿಗೇರರು ಬಾಗಿಲು ಉಜ್ಜುವ ಪಾಲಿಶ್ ಪೇಪರ್ ಒಂದು ತುಂಡು ತರಿಸಿ, ‘ಸತ್ತ’ ಬೀಜಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹಿಡಿದು ಒಂದು ಮಗ್ಗುಲು ಬಿಳಿ ಕಾಣುವಷ್ಟು ಉಜ್ಜಿಸಿದರು. ಮತ್ತೆ ಅದೇ ಒದ್ದೆ ಕಾಗದ. ಮರುದಿನವೇ ಬೀಜ ನೀರು ಕುಡಿದು ಉಬ್ಬಿದ್ದವು, ವಾರದೊಳಗೆ ಹೆಚ್ಚಿನವು ಮೊಳೆತವು. ಸಿಪ್ಪೆ ನೀರು ಬಿಟ್ಟುಕೊಟ್ಟಿರಲಿಲ್ಲ, ಅಷ್ಟೇ. ಒಳಗಿನ ಜೀವ ಗಟ್ಟಿಯಾಗಿಯೇ ಇತ್ತು.

ಈ ಒಂದು ತುಂಡು ಕಾಗದ ಮಾದರಿಯ ಬುಡವನ್ನೇ ಬದಲಿಸಿತು. ಮೊಳೆಯದ ಬೀಜದ ಬೆಲೆ ಸೊನ್ನೆ ಎಂದು ಮೊದಲೇ ಬರೆದಿಟ್ಟರೆ, ಎಲ್ಲವೂ ಮೊಳೆಯಲಿ ಎಂಬುದನ್ನು ಬಿಟ್ಟು ಬೇರೆ ಉತ್ತರ ಬರಲು ದಾರಿಯೇ ಇಲ್ಲ. ಕಂಪ್ಯೂಟರ್ ಹೇಳಿದ್ದು ತಗಚೆಯ ಬಗ್ಗೆ ಅಲ್ಲ, ವಹಿಯ ಕಾಲಮಿನ ಹೆಸರಿನ ಬಗ್ಗೆ.

ಎರಡನೆಯ ಸುತ್ತು: ಸರಾಸರಿಯ ಜಗಳ

ಈಗ ಮಾದರಿಗೆ ಇನ್ನೊಂದು ಪದ ಸೇರಿತು: ಮಣ್ಣಿನಲ್ಲಿ ಉಳಿದ ಬೀಜ ಮುಂದಿನ ವರ್ಷಕ್ಕೆ ಜೀವಂತವಾಗಿ ದಾಟುವ ಪಾಲು. ಅಳತೆಯ ಅಂಕಿಗಳು ಕೈಗೆ ಬರುವ ಮೊದಲು ಸರ್ ಒಂದು ಆಟಿಕೆ ಲೆಕ್ಕ ಮಾಡಿಸಿದರು. ಪ್ರಾಜೆಕ್ಟಿನ ಅತಿ ಒಳ್ಳೆಯ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ, ಅದಕ್ಕೇ ಪೂರ್ತಿ ಬಿಡಿಸಿ ಹೇಳುತ್ತೇನೆ.

ಒಳ್ಳೆಯ ವರ್ಷದಲ್ಲಿ ಮೊಳೆತ ಒಂದು ಬೀಜ 3 ಬೀಜ ಬಿಟ್ಟು ಹೋಗುತ್ತದೆ ಎನ್ನೋಣ, ಕೆಟ್ಟ ವರ್ಷದಲ್ಲಿ 0.2. ಎರಡಕ್ಕೂ ಸಮಸಮ ಸಾಧ್ಯತೆ, ನಾಣ್ಯ ಚಿಮ್ಮಿದಂತೆ. ಮೊಳೆಯದೆ ಕೂತ ಬೀಜದಲ್ಲಿ 0.9 ಪಾಲು ಮರುವರ್ಷಕ್ಕೆ ದಾಟುತ್ತದೆ. ಎಲ್ಲ ಬೀಜವೂ ಮೊಳೆಯುವ ತಳಿಯ ವಾರ್ಷಿಕ ಸರಾಸರಿ ಬೆಳವಣಿಗೆ 3 ಮತ್ತು 0.2ರ ನಡುವಿನ 1.6. ಹತ್ತು ವರ್ಷಕ್ಕೆ 1.6ನ್ನು ಹತ್ತು ಸಲ ಗುಣಿಸಿದರೆ ಸುಮಾರು 110. ಸಾವಿರ ಬೀಜದಿಂದ ಹೊರಟರೆ 1.1 ಲಕ್ಷ ಬೀಜ.

ಸಿಮ್ಯುಲೇಷನ್ ಓಡಿಸಿದಾಗ ಪರದೆಯ ಮೇಲೆ ಬಂದದ್ದು ಬೇರೆ. ಸಾಲು ಸಾಲು ಓಟಗಳಲ್ಲಿ ಬೀಜದ ಸಂಖ್ಯೆ ಕುಸಿಯುತ್ತಾ ಹೋಯಿತು. ಸರ್ ಕೋಡಿನಲ್ಲಿ ದೋಷ ಇದೆ ಎಂದರು, ವಿದ್ಯಾರ್ಥಿನಿ ಇಲ್ಲ ಎಂದಳು. ನನ್ನನ್ನು ಕರೆದದ್ದು ಆಗಲೇ. ಕೋಡ್ ಸರಿಯಿತ್ತು.

ಹತ್ತರಲ್ಲಿ 5 ವರ್ಷ ಒಳ್ಳೆಯವು, 5 ಕೆಟ್ಟವು ಬಂದವು ಎನ್ನಿ. ಒಂದು ಒಳ್ಳೆಯದು ಒಂದು ಕೆಟ್ಟದು ಸೇರಿದರೆ 3 × 0.2, ಅಂದರೆ 0.6. ಇಂಥ ಐದು ಜೋಡಿ ಗುಣಿಸಿದರೆ 0.078. ಸಾವಿರ ಬೀಜ 78ಕ್ಕೆ ಇಳಿದವು. ಹಾಗಾದರೆ 1.1 ಲಕ್ಷ ಎಲ್ಲಿಂದ ಬಂತು? ಹತ್ತಕ್ಕೆ ಹತ್ತೂ ಒಳ್ಳೆಯ ವರ್ಷ ಬೀಳುವ ಸಾಧ್ಯತೆ 1024ರಲ್ಲಿ ಒಂದು. ಆ ಒಂದರಲ್ಲಿ ಬೀಜ 59,049 ಪಟ್ಟು ಆಗುತ್ತದೆ. 110ರ ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು 58, ಈ ಒಂದೇ ಒಂದು ಅದೃಷ್ಟದ ಓಟದಿಂದ ಬಂದದ್ದು. ಉಳಿದ 1023 ದಾರಿಗಳೆಲ್ಲ ಕೂಡಿ ಕೊಟ್ಟದ್ದು ಅದಕ್ಕಿಂತ ಕಡಿಮೆ. ಸರಾಸರಿ ಸುಳ್ಳಲ್ಲ, ಆದರೆ ಅದು ಯಾವ ಬದುವಿನ ಮೇಲೂ ಕಾಣಸಿಗದ ತಗಚೆಯ ಕಥೆ.

ವರ್ಷದಿಂದ ವರ್ಷಕ್ಕೆ ಬೆಳವಣಿಗೆ ಗುಣಾಕಾರವಾಗಿ ಸಾಗುವುದರಿಂದ ಇಲ್ಲಿ ನೋಡಬೇಕಾದದ್ದು ಗುಣೋತ್ತರ ಸರಾಸರಿ, ಅಂದರೆ ವರ್ಷಗಳ ಅಂಕಿಯನ್ನು ಕೂಡಿಸದೆ ಗುಣಿಸಿ ತೆಗೆದ ಸರಾಸರಿ. ರಿಚರ್ಡ್ ಲೆವೊಂಟಿನ್ ಮತ್ತು ಕೋಹೆನ್ 1969ರಲ್ಲಿ ತೋರಿಸಿದ್ದೂ ಇದನ್ನೇ: ಏರಿಳಿತದ ಪರಿಸರದಲ್ಲಿ ನಿರೀಕ್ಷಿತ ಸಂಖ್ಯೆ ಮುಗಿಲಿಗೆ ಏರುತ್ತಿರುವಾಗಲೇ ಆ ಸಂತತಿ ಅಳಿಯುವುದು ಹೆಚ್ಚುಕಡಿಮೆ ಖಚಿತವಾಗಿರಬಹುದು.

ಈಗ ನೂರಕ್ಕೆ 43 ಬೀಜ ಮಾತ್ರ ಮೊಳೆಯುವ ತಳಿ ತೆಗೆದುಕೊಳ್ಳಿ. ಮೊಳೆತದ್ದು ಕೊಟ್ಟ ಬೀಜವನ್ನೂ ಮಣ್ಣಿನಲ್ಲಿ ಕೂತು ದಾಟಿದ್ದನ್ನೂ ಕೂಡಿಸಿದರೆ ಒಳ್ಳೆಯ ವರ್ಷದಲ್ಲಿ 1.8 ಪಟ್ಟು (0.43 × 3 + 0.57 × 0.9), ಕೆಟ್ಟದರಲ್ಲಿ 0.6. ಅಂಕಗಣಿತದ ಸರಾಸರಿ 1.2 ಮಾತ್ರ, ಮೊದಲ ತಳಿಯ 1.6ರ ಮುಂದೆ ಬಡವ. ಆದರೆ ಜೋಡಿಯ ಗುಣಲಬ್ಧ 1.08. ಐದು ಒಳ್ಳೆಯದು ಐದು ಕೆಟ್ಟದು ಕಳೆದ ಮೇಲೆ ಸಾವಿರ ಬೀಜ ಸುಮಾರು 1,470 ಆಗಿರುತ್ತವೆ. ಈ ಅಂಕಿಗಳಿಗೆ 43ರ ಆಸುಪಾಸೇ ಎಲ್ಲಕ್ಕಿಂತ ಒಳ್ಳೆಯ ಪಾಲು. ಹತ್ತು ವರ್ಷದ ಕೊನೆಗೆ ಹೊರಟದ್ದಕ್ಕಿಂತ ಕೆಳಗೆ ಬೀಳುವ ಸಾಧ್ಯತೆ ‘ಎಲ್ಲವೂ ಮೊಳೆಯಲಿ’ ತಳಿಗೆ ಶೇ. 62, ಇದಕ್ಕೆ ಶೇ. 38.

ಈ ಶೇಕಡಾ ತೆಗೆಯಲು ಹತ್ತು ವರ್ಷದಲ್ಲಿ ಐದು ಒಳ್ಳೆಯವು ಬೀಳುವ ಬಗೆ 252, ನಾಲ್ಕು ಬೀಳುವ ಬಗೆ 210 ಎಂಬ ಎಣಿಕೆ ಬೇಕು. ಆ ಎಣಿಕೆಯ ಸಾಮಾನ್ಯ ಸೂತ್ರ ಕೊಟ್ಟವರಲ್ಲಿ 9ನೇ ಶತಮಾನದ ಮಹಾವೀರಾಚಾರ್ಯರು ಮೊದಲಿಗರು. ಅವರಿಗೆ ಆಶ್ರಯ ಕೊಟ್ಟ ಅಮೋಘವರ್ಷನ ರಾಜಧಾನಿ ಮಾನ್ಯಖೇಟ, ಇವಳ ಸೇಡಂ ತಾಲೂಕಿನ ಇಂದಿನ ಮಳಖೇಡ. ಸೆಮಿನಾರುಗಳಲ್ಲಿ ಈ ಹೆಸರನ್ನು ಹಾರ ಹಾಕಿ ಕೂರಿಸುವುದು ನಮ್ಮಲ್ಲಿ ರೂಢಿ. ಇಲ್ಲಿ ಅದು ದುಡಿಮೆಗೆ ಬಂತು.

ಮೂರನೆಯ ಸುತ್ತು: ಕೆಟ್ಟ ವರ್ಷ ಎಂದರೆ ಯಾವುದು?

ಆಟಿಕೆ ಬಿಟ್ಟು ನಿಜವಾದ ಮಳೆಗೆ ಬಂದಾಗ ತೊಡಕು ಶುರುವಾಯಿತು. ಅವಳು ವರ್ಷದ ಒಟ್ಟು ಮಳೆ ತೆಗೆದುಕೊಂಡು ಸರಾಸರಿಗಿಂತ ಮೇಲಿನದು ಒಳ್ಳೆಯದು, ಕೆಳಗಿನದು ಕೆಟ್ಟದು ಎಂದು ಭಾಗ ಮಾಡಿದಳು. 2020 ಒಳ್ಳೆಯ ವರ್ಷಗಳ ಸಾಲಿಗೆ ಬಿತ್ತು. ಮನೆಯಲ್ಲಿ ಆ ಪಟ್ಟಿ ಓದಿ ಹೇಳಿದಾಗ ಅಜ್ಜ ನಕ್ಕರಂತೆ. ಆ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಎರಡೂ ಕಡೆ ಹೊಲ ನೀರು ಕುಡಿದದ್ದನ್ನು ಯಾರೂ ಮರೆತಿಲ್ಲ. “ವರ್ಷದ ಮಳಿ ಕೂಡಿಸಿ ಏನ್ ಮಾಡ್ತಿ ಯವ್ವಾ? ಮಿರಗ ಬಿದ್ದ ಮ್ಯಾಲ ಎಷ್ಟ್ ದಿನ ತಡೀತದ, ಅದು ನೋಡು. ನಾವು ಒಂದು ಚೀಲ ಬೀಜ ಮನ್ಯಾಗ ಇಟ್ಟೇ ಬಿತ್ತತೀವಿ, ಮಳಿ ಕೈಕೊಟ್ರ ಮತ್ತ ಬಿತ್ಲಿಕ್ಕ.”

ಅಜ್ಜನ ಚೀಲ ಮತ್ತು ತಗಚೆಯ ಗಟ್ಟಿ ಸಿಪ್ಪೆ ಒಂದೇ ಕೆಲಸದವು. ಅದಕ್ಕಿಂತ ಅವರ ಮೊದಲ ಮಾತು ಹೆಚ್ಚು ಉಪಯೋಗಕ್ಕೆ ಬಂತು. ಜೂನಿನಲ್ಲಿ ಮೊಳೆತ ಸಸಿ ಉಳಿಯುವುದೋ ಒಣಗುವುದೋ ಎಂಬುದನ್ನು ಅಕ್ಟೋಬರಿನ ಮಳೆ ತೀರ್ಮಾನಿಸುವುದಿಲ್ಲ. ಮೊದಲ ಹದ ಮಳೆಗೂ ಎರಡನೆಯದಕ್ಕೂ ನಡುವಿನ ಖಾಲಿ ದಿನಗಳು ತೀರ್ಮಾನಿಸುತ್ತವೆ. ವಾರ್ಷಿಕ ಅಂಕಿ ಕೈಬಿಟ್ಟು ಹೋಬಳಿ ಮಳೆಮಾಪಕದ ದಿನದಿನದ ಅಂಕಿ ತರಿಸಿದಳು. ಕೆಟ್ಟ ವರ್ಷಕ್ಕೆ ಹೊಸ ವ್ಯಾಖ್ಯೆ: ಮೊಳಕೆ ಎಬ್ಬಿಸುವಷ್ಟು ಮಳೆ ಬಿದ್ದು, ಆಮೇಲೆ ಸಸಿ ತಡೆಯಲಾರದಷ್ಟು ದಿನ ಕೈಕೊಟ್ಟದ್ದು.

ಆದರೆ ‘ಅಷ್ಟು ಮಳೆ’ ಎಂದರೆ ಎಷ್ಟು ಮಿಲಿಮೀಟರ್, ‘ಅಷ್ಟು ದಿನ’ ಎಂದರೆ ಎಷ್ಟು ದಿನ? ಈ ಎರಡು ಅಂಕಿ ಸ್ವಲ್ಪ ಸರಿಸಿದರೆ ಸಾಕು, ಕೆಟ್ಟ ವರ್ಷಗಳ ಪಾಲು ಬದಲಾಗುತ್ತದೆ. ಅದರ ಹಿಂದೆಯೇ ಮಾದರಿ ಹೇಳುವ ಮೊಳಕೆಯ ಪಾಲೂ ಸರಿಯುತ್ತದೆ. ತಟ್ಟೆಯಲ್ಲಿ ಎಣಿಸಿದ ಪಾಲಿಗೆ ಹೊಂದುವವರೆಗೆ ಮಿತಿಯನ್ನು ತಿರುಪುತ್ತಾ ಹೋಗುವ ಆಸೆ ಯಾರಿಗೂ ಬರುತ್ತದೆ, ಮೋಸ ಮಾಡಬೇಕೆಂದು ಹೊರಟವರಿಗೇ ಆಗಬೇಕಿಲ್ಲ. ಸರ್ ಇಲ್ಲಿ ತೆಗೆದುಕೊಂಡ ನಿರ್ಧಾರ ಇಡೀ ಪ್ರಾಜೆಕ್ಟಿನ ಬೆನ್ನೆಲುಬು. ಕುಂಡದಲ್ಲಿ ಎಬ್ಬಿಸಿದ ಸಸಿಗೆ ನೀರು ನಿಲ್ಲಿಸಿ, ಬಾಡಿ ಮೇಲೇಳದ ಹಂತಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ನೋಡಿ, ಅದರಿಂದಲೇ ಮಿತಿ ನಿಗದಿ ಮಾಡಿ, ಮಳೆಯ ಕಡತ ತೆರೆಯುವ ಮೊದಲು ವಹಿಯಲ್ಲಿ ಬರೆದು ದಿನಾಂಕ ಹಾಕಿ ಸಹಿ ಮಾಡಿಸಿದರು. ಅಕ್ಕಪಕ್ಕದ ಮಿತಿಗಳಿಗೂ ಲೆಕ್ಕ ಮಾಡಿ ಉತ್ತರವನ್ನು ಒಂದು ಅಂಕಿಯಾಗಿ ಅಲ್ಲ, ಇಷ್ಟರಿಂದ ಇಷ್ಟರವರೆಗೆ ಎಂದು ಕೊಡಬೇಕೆಂದೂ ತೀರ್ಮಾನವಾಯಿತು. ವಿದ್ಯಾರ್ಥಿನಿಗೆ ಇದು ಮೊದಮೊದಲು ಕಿರಿಕಿರಿ ಎನಿಸಿತ್ತು.

ಯಾರ ಬೀಜ, ಯಾರ ಎಚ್ಚರಿಕೆ

ತಟ್ಟೆಗಳ ಅಂಕಿ ಮತ್ತೆ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ತಟ್ಟೆಯಿಂದ ತಟ್ಟೆಗೆ ಇದ್ದ ಅಂತರ. ಪ್ರತಿ ಬೀಜವೂ ಒಂದೇ ನಾಣ್ಯ ಚಿಮ್ಮಿ ‘ಮೊಳೆ’ ಅಥವಾ ‘ಕೂರು’ ಎಂದು ತೀರ್ಮಾನಿಸಿದ್ದರೆ ತಟ್ಟೆಗಳ ನಡುವಿನ ಏರಿಳಿತ ಎಷ್ಟಿರಬೇಕೆಂದು ದ್ವಿಪದ ವಿತರಣೆ ಹೇಳುತ್ತದೆ. ಇಲ್ಲಿ ಕಂಡದ್ದು ಅದಕ್ಕಿಂತ ಢಾಳಾಗಿ ಹೆಚ್ಚು. ನಾಣ್ಯ ಒಂದೇ ಅಲ್ಲ ಎಂದಾಯಿತು.

ಈ ಜಾಗವನ್ನು ಬಹಳ ಪ್ರಾಜೆಕ್ಟುಗಳು ‘ಪ್ರಯೋಗದ ಏರುಪೇರು’ ಎಂದು ದಾಟಿಬಿಡುತ್ತವೆ. ವಿಕಾಸದ ಪ್ರಶ್ನೆಗೆ ಇದೇ ಜೀವಾಳ. ಒಂದೇ ಗಿಡದ ಬೀಜಗಳಲ್ಲಿ ಕೆಲವು ಮೊಳೆತು ಕೆಲವು ಕೂತರೆ, ಆ ಗಿಡ ತನ್ನ ಸಂತತಿಯನ್ನು ಹಲವು ವರ್ಷಗಳಿಗೆ ಹಂಚಿದೆ ಎನ್ನಬಹುದು. ಕೋಹೆನ್ ಮಾದರಿ ಇರುವುದು ಇದಕ್ಕೆ. ಆದರೆ ಒಂದು ಗಿಡದ ಬೀಜ ಎಲ್ಲವೂ ಮೊಳೆತು, ಪಕ್ಕದ ಗಿಡದ್ದು ಎಲ್ಲವೂ ಕೂತರೆ? ಒಟ್ಟು ಮೊಳಕೆಯ ಪಾಲು ಅಷ್ಟೇ ಬರುತ್ತದೆ, ಅರ್ಥ ಪೂರಾ ಬೇರೆ. ಅಲ್ಲಿ ಯಾವ ಗಿಡವೂ ಹಂಚಿಲ್ಲ. ಎರಡು ತಳಿ ಅಕ್ಕಪಕ್ಕ ಇವೆ, ಅಷ್ಟೇ. ಬದುವಿನ ಬೀಜವನ್ನೆಲ್ಲ ಒಂದೇ ಚೀಲಕ್ಕೆ ಸುರಿದು ತಂದಿದ್ದರಿಂದ ಯಾವುದು ನಿಜವೆಂದು ಹೇಳಲು ದಾರಿಯೇ ಇರಲಿಲ್ಲ.

ಮರು ಹಂಗಾಮಿಗೆ ಗಿಡಕ್ಕೊಂದು ಕಾಗದದ ಲಕೋಟೆ. ಬದು, ಮಡ್ಡಿ ಮತ್ತು ನಾಲೆಯ ದಂಡೆ, ಮೂರು ಕಡೆಯಿಂದ. ನಾಲೆಯ ದಂಡೆ ಸೇರಿಸಿದ್ದು ಮೇಡಂ ಸಲಹೆ. ಸಿದ್ಧಾಂತ ನಿಜವಾದರೆ ತೇವ ಖಾತ್ರಿ ಇರುವ ಕಡೆ ಕೂತಿರುವ ಪಾಲು ಕಡಿಮೆ ಇರಬೇಕು. ಒಂದೇ ಜಾಗದ ಅಂಕಿಗೆ ಯಾವ ಕಥೆಯನ್ನಾದರೂ ಹೊಂದಿಸಬಹುದು. ಸೋಲಬಹುದಾದ ಪರೀಕ್ಷೆ ಬೇಕೆಂದರೆ ಹೋಲಿಕೆಗೆ ಇನ್ನೊಂದು ಜಾಗ ಇರಲೇಬೇಕು. ಅಮೆರಿಕದ ಅರಿಝೋನಾದಲ್ಲಿ ಟೂಸಾನ್ ಬಳಿಯ ಮರುಭೂಮಿ ಗಿಡಗಳನ್ನು ಎರಡು ದಶಕಕ್ಕೂ ಮಿಕ್ಕಿ ಎಣಿಸಿದ ಲಾರೆನ್ಸ್ ವೆನಬಲ್ 2007ರಲ್ಲಿ ಹೇಳಿದ್ದೂ ಇಂಥ ಹೋಲಿಕೆಯಿಂದಲೇ: ಯಾವ ಪ್ರಭೇದದ ಸಂತಾನ ಯಶಸ್ಸು ವರ್ಷವರ್ಷಕ್ಕೆ ಹೆಚ್ಚು ಹೊಯ್ದಾಡುತ್ತದೋ ಅದರ ಮೊಳಕೆಯ ಪಾಲು ಕಡಿಮೆ.

ಏನಾಯಿತು

ಪ್ರತಿ ಲಕೋಟೆಯಲ್ಲೂ ಮೊಳೆತದ್ದೂ ಕೂತದ್ದೂ ಎರಡೂ ಇದ್ದವು. ಗಿಡದೊಳಗೇ ಹಂಚಿಕೆ ಇದೆ ಎನ್ನಲು ಇಷ್ಟು ಸಾಕು. ಗಿಡದಿಂದ ಗಿಡಕ್ಕೂ ವ್ಯತ್ಯಾಸ ಇತ್ತು, ಮೊದಲ ವರ್ಷದ ತಟ್ಟೆಗಳ ಹೊಯ್ದಾಟಕ್ಕೆ ಕಾರಣ ಅದು. ಆ ವ್ಯತ್ಯಾಸ ತಳಿಯದೋ, ತಾಯಿ ಗಿಡ ನಿಂತ ನೆಲದ್ದೋ ಎಂದು ಬಿಡಿಸಲು ಎಲ್ಲವನ್ನೂ ಒಂದೇ ನೆಲದಲ್ಲಿ ಒಂದು ತಲೆಮಾರು ಬೆಳೆಸಬೇಕು. ಎಂ.ಎಸ್ಸಿ. ಅವಧಿಯಲ್ಲಿ ಅದು ಆಗದ ಮಾತು.

ನಾಲೆ ದಂಡೆಯ ಬೀಜ ಬದುವಿನದಕ್ಕಿಂತ ತುಸು ಹೆಚ್ಚು ಮೊಳೆತವು, ದಿಕ್ಕು ಸಿದ್ಧಾಂತ ಹೇಳಿದ ಕಡೆಗೇ. ಆದರೆ ಗಿಡಗಳ ನಡುವಿನ ಏರಿಳಿತವನ್ನು ಲೆಕ್ಕಕ್ಕೆ ಹಿಡಿದಾಗ ಎರಡರ ವಿಶ್ವಾಸ ಅಂತರಗಳು (ನಿಜವಾದ ಪಾಲು ಇರಬಹುದಾದ ವ್ಯಾಪ್ತಿಗಳು) ಒಂದರ ಮೇಲೊಂದು ಬಿದ್ದವು. ಬೀಜವನ್ನು ಘಟಕವೆಂದು ಎಣಿಸಿದ್ದರೆ ‘ಮಹತ್ವದ ವ್ಯತ್ಯಾಸ’ ಸಿಗುತ್ತಿತ್ತು, ಗಿಡವನ್ನು ಎಣಿಸಿದರೆ ಸಿಗಲಿಲ್ಲ. ಘಟಕ ಗಿಡವೇ. ಅವಳು ಹಾಗೆಯೇ ಬರೆದಳು. ಆ ಅಧ್ಯಾಯದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು.

ದೊಡ್ಡ ಕೊರತೆ ಉಳಿದದ್ದು ಮಣ್ಣಿನಲ್ಲಿ ದಾಟುವ ಪಾಲಿನದು. ನೈಲಾನ್ ಜಾಳಿಗೆಯ ಪುಟ್ಟ ಚೀಲಗಳಲ್ಲಿ ಬೀಜ ತುಂಬಿ ಎರೆ ಮಣ್ಣಿನಲ್ಲಿ ಹೂತಿದ್ದರು, ಅವಧಿ ಮುಗಿಯುವಷ್ಟರಲ್ಲಿ ಸಿಕ್ಕದ್ದು ಒಂದೇ ಹಂಗಾಮಿನ ಅಂಕಿ. ಇದು ಎಷ್ಟು ನಾಜೂಕಿನದೆಂದು ತಿಳಿಯಲು ಆಟಿಕೆ ಲೆಕ್ಕಕ್ಕೇ ಮರಳಬಹುದು. ದಾಟುವ ಪಾಲು 0.9 ಇದ್ದಾಗ ಒಳ್ಳೆಯ ಮೊಳಕೆಯ ಪಾಲು ಶೇ. 43. ಅದು 0.7ಕ್ಕೆ ಇಳಿದರೆ ಶೇ. 55, 0.5ಕ್ಕೆ ಇಳಿದರೆ ಶೇ. 73. ತಟ್ಟೆಯಲ್ಲಿ ಎಷ್ಟೇ ಕಟ್ಟುನಿಟ್ಟಾಗಿ ಎಣಿಸಿದರೂ ಈ ಒಂದು ಅಂಕಿ ಸಡಿಲವಿದ್ದರೆ ಮಾದರಿ ಎತ್ತ ಬೇಕಾದರೂ ವಾಲುತ್ತದೆ. ಮೇಲಾಗಿ 0.7 ಮತ್ತು 0.5ರಲ್ಲಿ ಎಂಥ ಹಂಚಿಕೆ ಮಾಡಿದರೂ ಸಂತತಿ ದೀರ್ಘಕಾಲದಲ್ಲಿ ಕ್ಷೀಣಿಸುತ್ತದೆ. ಬದುವಿನ ಮೇಲೆ ತಗಚೆ ದಂಡಿಯಾಗಿರುವುದನ್ನು ನೋಡಿದರೆ ಆ ಅಂಕಿಗಳ ಜೋಡಣೆ ಇಲ್ಲಿಗೆ ಸಲ್ಲದು ಎಂಬುದಷ್ಟನ್ನು ಹೇಳಬಹುದು.

ವೈವಾದಲ್ಲಿ ಪರೀಕ್ಷಕರು ಕೇಳಿದ್ದು ಸರಿಯಾದ ಪ್ರಶ್ನೆ: ಗಟ್ಟಿ ಸಿಪ್ಪೆ ಹುಳುವಿಗೆ ಸಿಗದಿರಲೆಂದೋ, ದನದ ಹೊಟ್ಟೆಯಿಂದ ಪಾರಾಗಲೆಂದೋ ಬಂದಿದ್ದು, ಮಳೆಯ ಲಾಭ ಅದರ ಬೆನ್ನಿಗೆ ಸಿಕ್ಕದ್ದಾಗಿರಬಾರದೇಕೆ? ವಿದ್ಯಾರ್ಥಿನಿ ಅಲ್ಲಗಳೆಯಲಿಲ್ಲ. ಈ ಅಂಕಿಗಳು ಮಳೆಯ ಅನಿಶ್ಚಿತತೆಯ ವಿವರಣೆಗೆ ಹೊಂದುತ್ತವೆ, ಬೇರೆ ವಿವರಣೆಯನ್ನು ಹೊರಹಾಕುವಷ್ಟು ಬಲ ಇವಕ್ಕಿಲ್ಲ ಎಂದಳು. ಪ್ರಬಂಧದ ಕೊನೆಯ ಪುಟದಲ್ಲೂ ಅದೇ ಮಾತು ಇದೆ.

ಮತ್ತೊಬ್ಬರು ಇದೇ ದಾರಿ ಹಿಡಿಯುವುದಾದರೆ ಕೆಲಸದ ಕ್ರಮವನ್ನು ತಿರುಗಿಸಬೇಕು. ನಮ್ಮಲ್ಲಿ ಮೊಳಕೆ ಎಣಿಕೆ ಮೊದಲು ನಡೆಯಿತು, ಜಾಳಿಗೆ ಚೀಲ ಕೊನೆಗೆ ಹೂಳಲಾಯಿತು. ಅಳೆಯಲು ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವ, ಉತ್ತರವನ್ನು ಎಲ್ಲಕ್ಕಿಂತ ಹೆಚ್ಚು ಅಲುಗಿಸುವ ಅಂಕಿ ಯಾವುದೆಂದು ಆಟಿಕೆ ಲೆಕ್ಕ ಮೊದಲ ತಿಂಗಳಲ್ಲೇ ಹೇಳಬಲ್ಲದು. ಆ ಅಂಕಿಯ ಕೆಲಸ ಮೊದಲ ಮಿರಗಕ್ಕೇ ಶುರುವಾಗಬೇಕು. ಉಳಿದ ಚೀಲಗಳನ್ನು ವಿಭಾಗದ ಒಬ್ಬ ಜೂನಿಯರ್‌ಗೆ ಒಪ್ಪಿಸಲಾಗಿದೆ. ವರ್ಷಕ್ಕೊಂದು ಕಂತು, ಮಳೆಗೆ ಮುಂಚೆ ತೆಗೆದು, ಮೊಳೆಯದವನ್ನು ಪಾಲಿಶ್ ಪೇಪರಿನಲ್ಲಿ ಉಜ್ಜಿ ನೋಡಿದ ಮೇಲೆಯೇ ‘ಸತ್ತದ್ದು’ ಎಂದು ಬರೆಯಬೇಕೆಂಬ ಸೂಚನೆ ವಹಿಯ ಮೊದಲ ಪುಟದಲ್ಲಿದೆ.